ಸಂಕ್ರಾಂತಿಯ ಚೀಲದಲ್ಲಿ ಒಂದು ವರ್ಷದ ಬೆಳೆ

ಸಂಕ್ರಾಂತಿಯ ಸಾಮಾನನ್ನು ಹಬ್ಬದ ಹಿಂದಿನ ದಿನ ಒಂದೇ ಅಂಗಡಿಯಲ್ಲಿ ಕೊಂಡು ಮುಗಿಸುವುದು ಬೆಂಗಳೂರಿನಲ್ಲಿ ಈಗ ಕಷ್ಟದ ಕೆಲಸವಲ್ಲ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಐದೂ ಬೆರೆತ ಪೊಟ್ಟಣ ಸಿಗುತ್ತದೆ, ಸಕ್ಕರೆ ಅಚ್ಚಿನ ಡಬ್ಬಿ ಅದರ ಪಕ್ಕದಲ್ಲೇ ಇರುತ್ತದೆ, ಬಿಡಿಸಿದ ಅವರೆಕಾಳು ಪ್ಲಾಸ್ಟಿಕ್ ಹೊದ್ದ ತಟ್ಟೆಯಲ್ಲಿ ಕಾದಿರುತ್ತದೆ, ಕಬ್ಬನ್ನು ಗೇಣುದ್ದದ ತುಂಡುಗಳಾಗಿ ಕತ್ತರಿಸಿಟ್ಟಿರುತ್ತಾರೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಿಗೆ ಇದರಿಂದ ಆಗುವ ಅನುಕೂಲ ದೊಡ್ಡದು. ನಮ್ಮ ಮನೆಯಲ್ಲಿ ಮಾತ್ರ ಈ ಸಾಮಾನು ಕಾರ್ತಿಕದ ಕೊನೆಯಿಂದ ಪುಷ್ಯದವರೆಗೆ, ಸುಮಾರು ಎರಡು ತಿಂಗಳ ಉದ್ದಕ್ಕೂ, ಒಂದೊಂದು ಒಂದೊಂದು ಕಡೆಯಿಂದ, ಆದಷ್ಟೂ ಬೆಳೆದವರ ಕೈಯಿಂದಲೇ ಬರುತ್ತದೆ. ಹಬ್ಬದ ಚೀಲ ಸೇರುವ ಪ್ರತಿಯೊಂದು ವಸ್ತುವಿಗೂ ಅದರದೇ ಆದ ವಯಸ್ಸಿದೆ. ಒಂದು ನಿನ್ನೆ ಸಂಜೆ ಗಿಡ ಬಿಟ್ಟು ಬಂದದ್ದು, ಇನ್ನೊಂದು ವರ್ಷದ ಹಿಂದೆ ಮರದಿಂದ ಇಳಿದದ್ದು. ಆ ವಯಸ್ಸನ್ನು ತಿಳಿದು, ಅದರ ಕಾಲಕ್ಕೆ ಅದನ್ನು ಕೊಂಡರೆ ರುಚಿಯೂ ಬೇರೆ, ಬೆಳೆದವರಿಗೆ ಸಲ್ಲುವ ಹಣವೂ ಬೇರೆ ಎಂಬುದು ವರ್ಷಗಳು ಕಳೆದಂತೆ ನನಗೆ ಗಟ್ಟಿಯಾಗುತ್ತ ಬಂದಿದೆ.

ಚೀಲಕ್ಕೆ ಮೊದಲು ಬೀಳುವುದು ಕಡಲೆಕಾಯಿ. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯನ್ನು ಊರೆಲ್ಲ ಜಾತ್ರೆಯೆಂದು ನೋಡುತ್ತದೆ. ಅಲ್ಲಿ ಬೆಂಡು ಬತ್ತಾಸು, ಬಳೆ, ತೂಗುಯ್ಯಾಲೆ ಎಲ್ಲವೂ ಇರುವುದರಿಂದ ಹಾಗೆ ನೋಡುವುದು ಸಹಜ. ನನಗೆ ಅದು ಚಳಿಗಾಲದ ಮೊದಲ ರೈತಸಂತೆ. ಸುಂಕೇನಹಳ್ಳಿಯ ಹೊಲಗಳಲ್ಲಿ ಬಲಿತ ಕಡಲೆಕಾಯಿಯನ್ನು ರಾತ್ರಿ ಹೊತ್ತು ಬಂದು ಮೇಯುತ್ತಿದ್ದ ಬಸವನನ್ನು ರೈತರು ಅಟ್ಟಿಸಿಕೊಂಡು ಹೋದರೆಂದೂ, ಅದು ಗುಡ್ಡದ ಮೇಲೆ ಕಲ್ಲಾಗಿ ಕುಳಿತಿತೆಂದೂ, ಅಂದಿನಿಂದ ಮೊದಲ ಬೆಳೆಯನ್ನು ಬಸವಣ್ಣನಿಗೆ ಒಪ್ಪಿಸುವ ಪದ್ಧತಿ ಬಂತೆಂದೂ ಇಲ್ಲಿಯ ಕಥೆ ಹೇಳುತ್ತದೆ. ಕಡಲೆಕಾಯಿ ಮೂಲತಃ ದಕ್ಷಿಣ ಅಮೆರಿಕದ ಬೆಳೆ. ಸಮುದ್ರ ದಾಟಿ ಬಂದ ಒಂದು ಕಾಯಿಗೆ ನಮ್ಮ ಒಕ್ಕಲು ಮಕ್ಕಳು ದೇವರನ್ನೂ ಕಥೆಯನ್ನೂ ಹಬ್ಬವನ್ನೂ ಕೊಟ್ಟು ಮನೆಯದನ್ನಾಗಿ ಮಾಡಿಕೊಂಡರಲ್ಲ, ಆ ಔದಾರ್ಯ ನನಗೆ ಬಹಳ ಪ್ರಿಯವಾದದ್ದು. ಸುಂಕೇನಹಳ್ಳಿಯ ಹೊಲಗಳು ಬಡಾವಣೆಗಳಾಗಿ ಬಹಳ ಕಾಲವಾಯಿತು. ಈಗ ಪರಿಷೆಗೆ ಕಾಯಿ ಬರುವುದು ಕೋಲಾರ, ಚಿಂತಾಮಣಿ, ಪಾವಗಡದ ಕಡೆಯಿಂದ, ಮತ್ತೆ ಗಡಿಯಾಚೆಯ ಆಂಧ್ರ ಮತ್ತು ತಮಿಳುನಾಡಿನಿಂದ. ಜಾತ್ರೆಯೂ ಸೋಮವಾರಕ್ಕೆ ನಿಲ್ಲದೆ ಹಿಂದಕ್ಕೂ ಮುಂದಕ್ಕೂ ಹಲವು ದಿನ ಚಾಚಿಕೊಂಡಿದೆ.

ಅಲ್ಲಿ ಬೇಯಿಸಿದ ಕಾಯಿ, ಹುರಿದ ಕಾಯಿ, ಹಸಿ ಕಾಯಿ ಮೂರನ್ನೂ ಸೇರಿನಲ್ಲಿ ಅಳೆದು ಕೊಡುತ್ತಾರೆ. ಎಳ್ಳುಬೆಲ್ಲಕ್ಕೆ ಬೇಕಾಗುವುದು ಚೆನ್ನಾಗಿ ಒಣಗಿದ, ಹುರಿಯದ ಕಾಯಿ. ಮುಂಗಾರಿನಲ್ಲಿ ಬಿತ್ತಿ, ನಾಲ್ಕು ತಿಂಗಳು ನೆಲದೊಳಗೆ ಬಲಿತು, ಗಿಡ ಕಿತ್ತು ಬಿಸಿಲಿಗೆ ಒಣಗಿಸಿದ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಬೀಜ ಗಲಗಲ ಎನ್ನಬೇಕು. ಒಂದನ್ನು ಒಡೆದು ಸಿಪ್ಪೆಯ ಒಳಮೈ ನೋಡುವುದು ಇನ್ನೂ ಒಳ್ಳೆಯದು: ಒಳಗಡೆ ಬೆಳ್ಳಗಿದ್ದರೆ ಕಾಯಿ ಬಲಿಯುವ ಮೊದಲೇ ಕಿತ್ತದ್ದು, ಕಂದು ಬಣ್ಣದ ಕಲೆ ಹಬ್ಬಿದ್ದರೆ ಬಲಿತದ್ದು. ಹೀಗೆ ಆರಿಸಿ ತಂದದ್ದನ್ನು ಸಿಪ್ಪೆಸಮೇತ ಗೋಣಿಚೀಲದಲ್ಲಿಟ್ಟು, ಹಬ್ಬಕ್ಕೆ ಒಂದು ವಾರ ಇರುವಾಗ ಮಾತ್ರ ಸುಲಿಯುತ್ತೇವೆ. ಸುಲಿದಿಟ್ಟ ಬೀಜಕ್ಕೆ ಬೇಗ ಕನರು ವಾಸನೆ ಬರುತ್ತದೆ. ಸಿಪ್ಪೆಯೊಳಗಿನ ಬೀಜ ಪುಷ್ಯ ಮಾಸದವರೆಗೂ ಹೊಸದಾಗಿಯೇ ಇರುತ್ತದೆ.

ಇನ್ನು ಅವರೆ. ಹಳೆಯ ಮೈಸೂರು ಸೀಮೆಯ ಚಳಿಗಾಲವನ್ನು ಒಂದೇ ವಸ್ತುವಿನಲ್ಲಿ ತೋರಿಸಿ ಎಂದು ಯಾರಾದರೂ ಕೇಳಿದರೆ ನಾನು ಒಂದು ಬೊಗಸೆ ಸೊಗಡಿನ ಅವರೆಕಾಯಿಯನ್ನು ಕೊಡುತ್ತೇನೆ. ಮಳೆಯನ್ನೇ ನಂಬಿದ ಕೆಮ್ಮಣ್ಣಿನ ಹೊಲಗಳಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಾಗಿ ಅವರೆಯನ್ನು ಬಿತ್ತುವುದು ಇಲ್ಲಿಯ ಹಳೆಯ ಬೇಸಾಯ. ರಾಗಿ ತೆನೆ ಬಲಿತು ಕುಯ್ಲಾಗುವವರೆಗೆ ಅವರೆ ಅದರ ಮಗ್ಗುಲಲ್ಲಿ ಸದ್ದಿಲ್ಲದೆ ಬೆಳೆಯುತ್ತದೆ. ರಾಗಿ ಹೊಲ ಬಿಟ್ಟ ಮೇಲೆ ಜಾಗವೂ ಬೆಳಕೂ ಸಿಕ್ಕಿ ಹಬ್ಬುತ್ತದೆ, ಮಣ್ಣಿನಲ್ಲಿ ಉಳಿದ ಹಸಿಯನ್ನೂ ರಾತ್ರಿಯ ಇಬ್ಬನಿಯನ್ನೂ ನೆಚ್ಚಿಕೊಂಡು ಹೂವಾಗಿ ಕಾಯಿ ಕಚ್ಚುತ್ತದೆ. ಒಂದೇ ಹೊಲ, ಒಂದೇ ಉಳುಮೆ, ಒಂದೇ ಮಳೆಗಾಲ. ಮನೆಗೆ ವರ್ಷದ ಹಿಟ್ಟು ಮೊದಲು, ಕೈಗೆ ನಾಲ್ಕು ಕಾಸು ಆಮೇಲೆ. ದ್ವಿದಳ ಧಾನ್ಯವಾದ್ದರಿಂದ ಬೇರಿನ ಗಂಟುಗಳಲ್ಲಿ ಸಾರಜನಕವನ್ನು ಹಿಡಿದಿಟ್ಟು ಮುಂದಿನ ಬೆಳೆಗೆ ನೆಲವನ್ನು ಹದಗೊಳಿಸಿ ಹೋಗುವುದು ಬೇರೆ.

ಮಾಗಡಿ ರಸ್ತೆಯ ಬದಿಯಲ್ಲಿ ಡಿಸೆಂಬರಿನ ಬೆಳಗ್ಗೆ ಬಿಸಿಲೇರುವ ಮೊದಲು ಹೋದರೆ ಗೋಣಿತಾಟಿನ ಮೇಲೆ ಅವರೆಕಾಯಿಯ ಗುಡ್ಡೆಗಳನ್ನು ಹಾಕಿಕೊಂಡು ಕುಳಿತ ಹೆಂಗಸರು ಕಾಣುತ್ತಾರೆ. ಅವರೆಲ್ಲ ಬೆಳೆದವರಲ್ಲ, ಕೆಲವರು ಕಲಾಸಿಪಾಳ್ಯದಲ್ಲೋ ಕೃಷ್ಣರಾಜ ಮಾರುಕಟ್ಟೆಯಲ್ಲೋ ಮೂಟೆ ಹಿಡಿದು ತಂದು ಮಾರುವವರು, ಅವರ ಜೀವನವೂ ಅದರಿಂದಲೇ ನಡೆಯುತ್ತದೆ. ಬೆಳೆದವರನ್ನು ಗುರುತಿಸುವುದಕ್ಕೆ ಒಂದು ಪ್ರಶ್ನೆ ಸಾಕು. ಕುದೂರಿನ ಕಡೆಯಿಂದ ಬರುವ ಒಬ್ಬ ಅಜ್ಜಿಯನ್ನು "ಯಾವಾಗ ಕಿತ್ತದ್ದಜ್ಜಿ?" ಎಂದು ಕೇಳಿದರೆ, "ನೆನ್ನೆ ಸಂಜೆ ಕಣವ್ವ. ರಾತ್ರಿಯೆಲ್ಲ ಇಬ್ಬನಿಲಿ ಮಡಗಿದ್ದೆ. ಮೊದ್ಲು ಮೂಸಿ ನೋಡು, ದುಡ್ಡಿನ ಮಾತು ಆಮೇಕೆ" ಎನ್ನುತ್ತಾರೆ. ಇಬ್ಬನಿ ಹೆಚ್ಚು ಬಿದ್ದಷ್ಟೂ ಸೊಗಡು ಹೆಚ್ಚು ಎಂಬುದು ಬೆಳೆಗಾರರ ಗಟ್ಟಿ ನಂಬಿಕೆ. ಯಾವ ಹೊಲ, ಎಷ್ಟು ಸಾಲು, ಈ ಸಲ ಮೋಡ ಮುಚ್ಚಿಕೊಂಡು ಹೂವೆಷ್ಟು ಉದುರಿತು, ಹುಳು ಎಷ್ಟು ಬಿತ್ತು ಎಂದು ಆ ಅಜ್ಜಿ ಕೇಳದೆಯೇ ಹೇಳುತ್ತಾರೆ. ಮಾರುಕಟ್ಟೆಯಿಂದ ಕೊಂಡು ತಂದವರಿಗೆ ಬೆಲೆ ಗೊತ್ತಿರುತ್ತದೆ, ಹೊಲದ ಕಥೆ ಗೊತ್ತಿರುವುದಿಲ್ಲ.

ಅವರೆಕಾಯಿಯನ್ನು ಆರಿಸುವುದು ಕಣ್ಣಿಗಿಂತ ಬೆರಳು ಮತ್ತು ಮೂಗಿನ ಕೆಲಸ. ಒಳ್ಳೆಯ ಸೊಗಡಿನ ಕಾಯಿಯ ಮೇಲೆ ಎಣ್ಣೆಯಂಥ ಜಿಡ್ಡಿರುತ್ತದೆ. ಹತ್ತು ಕಾಯಿ ಮುಟ್ಟುವಷ್ಟರಲ್ಲಿ ಬೆರಳ ತುದಿಗೆ ಅದು ಅಂಟಿಕೊಂಡು, ಸೋಪು ಹಚ್ಚಿ ತೊಳೆದರೂ ಮಧ್ಯಾಹ್ನದವರೆಗೆ ಘಮ ಉಳಿದಿರುತ್ತದೆ. ಆ ಪರಿಮಳಕ್ಕೆ ಕಾರಣ ಸಿಪ್ಪೆಯ ಮೇಲಿನ ಜಿಡ್ಡಿನಲ್ಲಿರುವ ಕೆಲವು ಬಗೆಯ ಕೊಬ್ಬಿನಾಮ್ಲಗಳೆಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಕಾಯಿಯ ಬೆನ್ನು ಕಾಳಿನ ಮೇಲೆ ಉಬ್ಬಿರಬೇಕು, ಆದರೆ ಸಿಪ್ಪೆ ಒಣಗಿ ಬಿಳಿಚಿಕೊಂಡಿರಬಾರದು. ಒತ್ತಿದರೆ ಕಾಳು ಗಟ್ಟಿಯಾಗಿ ಸಿಗಬೇಕು, ಚಪ್ಪಟೆಯಾಗಿ ಕುಸಿದರೆ ಎಳಸು. ಅಲ್ಲಲ್ಲಿ ಹುಳು ಕೊರೆದ ತೂತು ಕಂಡರೆ ಗುಡ್ಡೆಯನ್ನೇ ಬಿಟ್ಟು ಹೋಗುವವರಿದ್ದಾರೆ. ನಾನು ಹಾಗೆ ಮಾಡುವುದಿಲ್ಲ. ಒಂದೂ ತೂತಿಲ್ಲದೆ ಮಿರಮಿರ ಮಿಂಚುವ ಗುಡ್ಡೆಯನ್ನು ಕಂಡರೆ ಎಷ್ಟು ಸಲ ಔಷಧಿ ಹೊಡೆದಿರಬಹುದು ಎಂಬ ಯೋಚನೆ ಬರುತ್ತದೆ. ಕಿಲೋ ಕಾಯಿ ಬಿಡಿಸಿದರೆ ಕಾಳು ಅರ್ಧ ಕಿಲೋ ಕೂಡ ಸಿಗುವುದಿಲ್ಲವೆಂದು ಲೆಕ್ಕ ಹಾಕಿಯೇ ಕೊಳ್ಳಬೇಕು, ಇಲ್ಲದಿದ್ದರೆ ಉಪ್ಪಿಟ್ಟಿಗೆ ಹಾಕಿದ ಮೇಲೆ ಸಾರಿಗೆ ಉಳಿಯುವುದಿಲ್ಲ.

ಅವರೆಗೂ ಸೂರ್ಯನಿಗೂ ಇರುವ ಸಂಬಂಧ ಹಬ್ಬಕ್ಕೂ ಸೂರ್ಯನಿಗೂ ಇರುವ ಸಂಬಂಧಕ್ಕಿಂತ ನೇರವಾದದ್ದು. ನಾಟಿ ಅವರೆ ಹಗಲು ಕಿರಿದಾಗುವುದನ್ನು ಅರಿತೇ ಹೂ ಬಿಡುವ ಗಿಡ. ಜೂನಿನಲ್ಲಿ ಬಿತ್ತಿದರೂ ಆಗಸ್ಟಿನಲ್ಲಿ ಬಿತ್ತಿದರೂ ದೀಪಾವಳಿ ಹತ್ತಿರವಾಗುವವರೆಗೆ ಅದಕ್ಕೆ ಹೂವಿನ ಗೊಡವೆ ಇರುವುದಿಲ್ಲ. ಹಗಲು ನಿಜವಾಗಿ ಬೆಳೆಯತೊಡಗುವುದು ಡಿಸೆಂಬರ್ 22ರ ಸುಮಾರಿಗೆ. ಪಂಚಾಂಗದ ಮಕರ ಸಂಕ್ರಮಣ ಬರುವುದು ಅದಾಗಿ ಮೂರು ವಾರಕ್ಕೂ ಮೇಲೆ, ಜನವರಿ 14ಕ್ಕೋ 15ಕ್ಕೋ. ಈ ಅಂತರ ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಬೆಳೆಯುತ್ತಲೂ ಇದೆ: ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಆ ವರ್ಷದ ಸಂಕ್ರಾಂತಿಯ ದಿನವೇ ಆಗಿತ್ತು. ಹಬ್ಬ ಹೀಗೆ ನಿಧಾನವಾಗಿ ಮುಂದಕ್ಕೆ ಸರಿಯುತ್ತಿದ್ದರೂ ಅವರೆ ಮಾತ್ರ ಆಕಾಶದ ಸೂರ್ಯನನ್ನೇ ನೋಡಿಕೊಂಡು ತನ್ನ ಕಾಲಕ್ಕೆ ಬರುತ್ತದೆ. ಸೊಗಡು ತುಂಬಿದ ಕಾಯಿ ಬೇಕಾದವರು ಹಬ್ಬಕ್ಕಾಗಿ ಕಾಯದೆ ಡಿಸೆಂಬರಿನ ನಡುವಿನಲ್ಲೇ ಕೊಳ್ಳತೊಡಗಬೇಕು ಎಂದು ನಾನು ಹೇಳುವುದಕ್ಕೆ ಇದೇ ಕಾರಣ.

ಬೇಸಿಗೆಯಲ್ಲೂ ಈಗ ಅವರೆಕಾಯಿ ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಸಿಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳ ಅವರೆಯ ತಳಿಗಳನ್ನು ಕೊಟ್ಟಿತು; ಅವುಗಳಲ್ಲಿ ಎಚ್‌ಎ-3, ಎಚ್‌ಎ-4 ಹಗಲಿನ ಉದ್ದವನ್ನು ಲೆಕ್ಕಿಸದೆ ಯಾವ ಕಾಲಕ್ಕೆ ಬಿತ್ತಿದರೂ ಹೂ ಬಿಡುವಂಥವು. ನೀರಿನ ಅನುಕೂಲವಿರುವ ರೈತ ಇದರಿಂದ ವರ್ಷವಿಡೀ ಕಾಯಿ ಮಾರಬಹುದು, ಹಂಗಾಮಿಲ್ಲದಾಗ ಒಳ್ಳೆಯ ಬೆಲೆ ಪಡೆಯಬಹುದು. ಹಾಗಾಗಿ ಈ ತಳಿಗಳನ್ನು ಹಗುರವಾಗಿ ಮಾತನಾಡುವುದು ನನಗೆ ಸರಿಯೆನಿಸುವುದಿಲ್ಲ. ಸೊಗಡಿನ ವಿಷಯದಲ್ಲಿ ಮಾತ್ರ ಅವು ಇಬ್ಬನಿಯಲ್ಲಿ ನೆನೆದ ನಾಟಿ ಕಾಯಿಗೆ ಸಮವಲ್ಲ. ಡಿಸೆಂಬರಿನಲ್ಲಿ ಎರಡೂ ಅಕ್ಕಪಕ್ಕದ ಗುಡ್ಡೆಗಳಲ್ಲಿ ಒಂದೇ ಬೆಲೆಗೆ ಇರುವಾಗ, ಮೂಸಿ ನೋಡದೆ ಬಣ್ಣ ನೋಡಿ ಕೊಳ್ಳುವ ಗಿರಾಕಿಗಳೇ ಹೆಚ್ಚಾದರೆ, ಅಕ್ಕಡಿ ಸಾಲಿನ ಅವರೆಯನ್ನು ಮುಂದಿನ ವರ್ಷ ಬಿತ್ತಬೇಕೆಂದು ಯಾರಿಗೆ ಅನಿಸೀತು? ಕೊಳ್ಳುವವರ ಮೂಗಿಗೆ ಸೊಗಡು ಬೇಕಾಗಿರುವವರೆಗೆ ಮಾತ್ರ ಅದು ಹೊಲದಲ್ಲಿರುತ್ತದೆ.

ಇದೇ ಸಂತೆಗಳ ಇನ್ನೊಂದು ಮೂಲೆಯಲ್ಲಿ ಹಿದುಕಿದ ಬೇಳೆ ಮಾರುವ ಹೆಂಗಸರು ಕೂತಿರುತ್ತಾರೆ. ರಾತ್ರಿ ನೆನೆಹಾಕಿದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಂದೊಂದಾಗಿ ಹಿದುಕಿ ಸಿಪ್ಪೆಯಿಂದ ಹಾರಿಸುವ ಕೆಲಸ ಅದು. ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಹಿದುಕಿದರೂ ಒಂದು ಹೊತ್ತಿನ ಸಾರಿಗೆ ಆಗುವಷ್ಟು ಬೇಳೆ ಬರುವಾಗ ಬೆರಳಿನ ತುದಿ ಸುಕ್ಕುಗಟ್ಟಿರುತ್ತದೆ. ಅವರು ಬುಟ್ಟಿಗಟ್ಟಲೆ ಹಿದುಕುತ್ತಾರೆ, ಮಾತನಾಡುತ್ತಲೇ, ಗಿರಾಕಿಗೆ ಚಿಲ್ಲರೆ ಕೊಡುತ್ತಲೇ. ಅಂಥ ಕಡೆ ಚೌಕಾಸಿ ಮಾಡುವುದನ್ನು ಕಂಡರೆ ನನಗೆ ನೋವಾಗುತ್ತದೆ. ಕಾಯಿಯ ಬೆಲೆಗೂ ಹಿದುಕಿದ ಬೇಳೆಯ ಬೆಲೆಗೂ ಇರುವ ಅಂತರ ಪೂರ್ತಿಯಾಗಿ ಆ ಬೆರಳುಗಳದ್ದು.

ಬೆಲ್ಲದ ವಿಷಯ ಸ್ವಲ್ಪ ತೊಡಕಿನದು. ಮಂಡ್ಯದ ಬೆಲ್ಲವೆಂದರೆ ನಮಗೆಲ್ಲ ಅನಾದಿ ಕಾಲದ್ದು ಎಂಬ ಭಾವನೆ ಇದೆ. ಆ ಸೀಮೆ ಕಬ್ಬಿನ ಸಾಗರವಾದದ್ದು ಕನ್ನಂಬಾಡಿ ಕಟ್ಟೆಯಿಂದ ನಾಲೆಯಲ್ಲಿ ನೀರು ಹರಿದ ಮೇಲೆ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದು 1933ರಲ್ಲಿ, ಅದರ ಹಿಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ದುಡಿಮೆ ದೊಡ್ಡದು. ಕಾರ್ಖಾನೆಗೆ ಹೋಗದ ಕಬ್ಬು ಆಲೆಮನೆಗೆ ಬರುತ್ತದೆ. ಗಾಣದಲ್ಲಿ ಹಿಂಡಿದ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ, ಕಬ್ಬಿನ ಹಿಪ್ಪೆಯನ್ನೇ ಒಲೆಗೆ ಉರುವಲಾಗಿ ಹಾಕಿ, ಬೆಂಡೆ ಗಿಡದ ಲೋಳೆಯಂಥವನ್ನು ಬಿಟ್ಟು ಮೇಲೆ ಬಂದ ಕೊಳೆಯನ್ನು ಬಾಚಿ ತೆಗೆದು, ಪಾಕ ಹದಕ್ಕೆ ಬಂದಾಗ ಅಚ್ಚಿಗೆ ಹೊಯ್ಯುತ್ತಾರೆ. ಹೀಗೆ ಮಾಡಿದ ಬೆಲ್ಲ ಕಂದಾಗಿಯೇ ಇರುತ್ತದೆ. ಗಿರಾಕಿಗೆ ಹಳದಿ ಹೊನ್ನಿನ ಬಣ್ಣ ಬೇಕಾದ್ದರಿಂದ ಹೈಡ್ರೋಸ್ ಎಂದು ಕರೆಯುವ ಸೋಡಿಯಂ ಹೈಡ್ರೋಸಲ್ಫೈಟನ್ನು ಪಾಕಕ್ಕೆ ಹಾಕಿ ಬಿಳುಪಾಗಿಸುವ ರೂಢಿ ಬಂತು, ಸಕ್ಕರೆ ಬೆರೆಸುವುದೂ ಬಂತು. ತಪ್ಪನ್ನೆಲ್ಲ ಆಲೆಮನೆಯವರ ತಲೆಗೆ ಕಟ್ಟುವುದು ನ್ಯಾಯವಲ್ಲ, ಬೆಳ್ಳಗಿನ ಬೆಲ್ಲಕ್ಕೆ ಹೆಚ್ಚು ದುಡ್ಡು ಕೊಟ್ಟು ಕಲಿಸಿದವರು ಪೇಟೆಯ ನಾವೇ.

ಎಳ್ಳುಬೆಲ್ಲಕ್ಕೆ ಬಂದಾಗ ಕಪ್ಪು ಬೆಲ್ಲದಿಂದ ಒಂದು ನಿಜವಾದ ತೊಂದರೆಯಿದೆ. ಅದು ಮೆದು, ತೇವ ಹೀರುವ ಸ್ವಭಾವದ್ದು. ಕತ್ತರಿಸಿ ಎಳ್ಳಿನ ಜೊತೆ ಬೆರೆಸಿದರೆ ಎಲ್ಲ ಅಂಟಿಕೊಂಡು ಉಂಡೆಯಾಗುತ್ತದೆ. ಬೆಳ್ಳಗಿನ ಗಟ್ಟಿ ಬೆಲ್ಲವನ್ನು ಜನ ಹಬ್ಬಕ್ಕೆ ಕೇಳಿ ಕೊಳ್ಳುವುದಕ್ಕೆ ಬಣ್ಣದ ಮೋಹ ಒಂದೇ ಕಾರಣವಲ್ಲ. ನಾವು ಕಂಡುಕೊಂಡ ದಾರಿ ಹೀಗಿದೆ: ಮದ್ದೂರಿನ ಕಡೆ ಹೋದಾಗ ಗುರುತಿನ ಆಲೆಮನೆಯಿಂದ, ಹಬ್ಬಕ್ಕೆ ಎರಡು ಮೂರು ವಾರ ಮೊದಲೇ, ಹೈಡ್ರೋಸ್ ಹಾಕದ ಅಚ್ಚು ಬೆಲ್ಲವನ್ನು ತರುತ್ತೇವೆ. ಈಳಿಗೆಮಣೆಯಲ್ಲಿ ಸಣ್ಣಗೆ ತುಂಡು ಮಾಡಿ, ತೆಳುವಾದ ಬಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ, ಮಹಡಿಯ ಬಿಸಿಲಿನಲ್ಲಿ ಕೆಲವು ದಿನ ಒಣಗಿಸಿದರೆ ಮೇಲೆ ತೆಳ್ಳಗೆ ಗಟ್ಟಿ ಪೊರೆ ಬರುತ್ತದೆ. ಚಳಿಗಾಲದ ಗಾಳಿ ಒಣಗಿರುವುದರಿಂದ ಇದು ಸಾಧ್ಯ. ಸಂಜೆ ಇಬ್ಬನಿ ಇಳಿಯುವ ಮೊದಲು ಒಳಗೆ ತರಬೇಕು. ಬಣ್ಣ ಕಂದೇ ಇರುತ್ತದೆ, ಬಾಯಲ್ಲಿಟ್ಟರೆ ಕಬ್ಬಿನ ಹಾಲಿನ ನೆನಪು ಬರುತ್ತದೆ.

ಕೊಬ್ಬರಿ ಈ ಚೀಲದ ಹಿರಿಯ. ತಿಪಟೂರಿನ ಉಂಡೆ ಕೊಬ್ಬರಿಯಾಗಬೇಕಾದರೆ ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹತ್ತರಿಂದ ಹನ್ನೆರಡು ತಿಂಗಳು ಇಡಬೇಕು. ಒಳಗಿನ ಎಳನೀರೆಲ್ಲ ಇಂಗಿ, ಕಾಯಿಯ ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಗುಂಡು ಉರುಳಿದ ಸದ್ದು ಬಂದಾಗ ಒಡೆಯುತ್ತಾರೆ. ಎಂದರೆ ಈ ಸಂಕ್ರಾಂತಿಗೆ ನಾವು ಕತ್ತರಿಸುವ ಕೊಬ್ಬರಿ ಹೋದ ಸಂಕ್ರಾಂತಿಯ ಸುಮಾರಿಗೆ ಅಟ್ಟ ಏರಿದ್ದು. ತೆಂಗಿನ ರೈತ ತನ್ನ ಫಸಲನ್ನು ಒಂದು ವರ್ಷ ತಲೆಯ ಮೇಲೆ ಇಟ್ಟುಕೊಂಡು, ಆ ವರ್ಷದ ಕೊನೆಯಲ್ಲಿ ಬೆಲೆ ಏರಿರುತ್ತದೋ ಇಳಿದಿರುತ್ತದೋ ತಿಳಿಯದೆ ಕಾಯುತ್ತಾನೆ. ಎಳ್ಳು ಕೂಡ ಈ ಚಳಿಯಲ್ಲಿ ಬೆಳೆದದ್ದಲ್ಲ. ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ ಮುಂಗಾರಿನ ಮೊದಲ ಮಳೆಗಳಿಗೆ ಬಿತ್ತಿ, ರಾಗಿಗೋ ಹುರುಳಿಗೋ ಹೊಲ ತೆರವಾಗುವಂತೆ ಮಳೆಗಾಲದ ನಡುವೆಯೇ ಕುಯ್ದು ಒಕ್ಕಿಟ್ಟದ್ದು. ಹಬ್ಬದ ತಟ್ಟೆಯಲ್ಲಿ ಹೋದ ವರ್ಷದ ತೆಂಗು, ಮುಂಗಾರಿನ ಎಳ್ಳು, ಕಾರ್ತಿಕದ ಕಡಲೆ, ಮಾರ್ಗಶಿರದ ಬೆಲ್ಲ ಒಟ್ಟಿಗೆ ಕೂಡುತ್ತವೆ. ಪೊಟ್ಟಣದಲ್ಲಿ ಕೊಂಡಾಗ ಇವೆಲ್ಲಕ್ಕೂ ಒಂದೇ ಪ್ಯಾಕಿಂಗ್ ತಾರೀಕು ಬೀಳುತ್ತದೆ. ನನ್ನ ಅಸಮಾಧಾನವಿರುವುದು ಅದರ ಬಗ್ಗೆಯೇ.

ಉತ್ತರ ಕರ್ನಾಟಕದ ಗೆಳತಿಯೊಬ್ಬರ ಮನೆಯಲ್ಲಿ ಈ ಲೆಕ್ಕವೇ ಬೇರೆ. ಅಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಪಲ್ಯ, ಕುಸುರೆಳ್ಳು. ಸಜ್ಜೆ ಮುಂಗಾರಿನದು, ಮನೆಯ ಕಣಜ ಸೇರಿ ತಿಂಗಳುಗಳಾಗಿರುತ್ತವೆ. ಹಿಂಗಾರಿನ ಬಿಳಿಜೋಳ ಇನ್ನೂ ಕರಿಮಣ್ಣಿನ ಹೊಲದಲ್ಲಿ ನಿಂತಿರುತ್ತದೆ, ಅದಕ್ಕೆ ಎಳ್ಳ ಅಮಾವಾಸ್ಯೆಯ ದಿನ ಚರಗ ಚೆಲ್ಲಿ, ಎಂದರೆ ನೈವೇದ್ಯದ ಅಡುಗೆಯನ್ನು ಹೊಲದಲ್ಲಿ ಎರಚಿ, ಬಂದಿರುತ್ತಾರೆ. ಅವರೆಯ ಸುಳಿವೇ ಆ ಅಡುಗೆಯಲ್ಲಿ ಇಲ್ಲ. ಒಂದೇ ಹಬ್ಬಕ್ಕೆ ಎರಡು ಸೀಮೆಗಳಲ್ಲಿ ಎರಡು ಬೇರೆ ಚೀಲಗಳಿರುವುದು ಸಂಪ್ರದಾಯದ ಭೇದಕ್ಕಿಂತ ಮಣ್ಣಿನ ಭೇದವೆಂದು ನನಗೆ ಅನಿಸುತ್ತದೆ: ಕೆಂಪು ಮಣ್ಣು ಅವರೆಯನ್ನು ಕೊಟ್ಟಿತು, ಕರಿಮಣ್ಣು ಜೋಳವನ್ನು ಕೊಟ್ಟಿತು, ಅಡುಗೆಮನೆ ಅದನ್ನು ಒಪ್ಪಿಕೊಂಡಿತು.

ಗೆಣಸು, ಎಲಚಿ ಹಣ್ಣು, ಹೊಸ ಅಕ್ಕಿ ಇವು ಹಬ್ಬದ ವಾರದಲ್ಲೇ ಕೊಳ್ಳುವಂಥವು. ಗೆಣಸನ್ನು ಅವರೆಕಾಯಿ, ಕಡಲೆಕಾಯಿಗಳ ಜೊತೆ ಬೇಯಿಸಿ ತಿನ್ನುವುದು ನಮ್ಮ ಹಳ್ಳಿಗಳ ಸಂಕ್ರಾಂತಿ. ಮಣ್ಣು ಮೆತ್ತಿಕೊಂಡಿರುವ ಗೆಣಸನ್ನೇ ಕೊಳ್ಳಬೇಕು, ತೊಳೆದಿಟ್ಟದ್ದು ಬೇಗ ಕೆಡುತ್ತದೆ. ಎಲಚಿ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಬೇಕೇ ಬೇಕು, ಕಬ್ಬಿನ ಚೂರು ಮತ್ತು ಕಾಸುಗಳ ಜೊತೆ ಅವರ ತಲೆಯ ಮೇಲೆ ಎರೆಯುವುದಕ್ಕೆ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆಂದು ಎಲ್ಲರೂ ದೂರುತ್ತಾರೆ; ಹುಗ್ಗಿಗೆ ಬೇಕಾದದ್ದು ಅದೇ ಗುಣ. ಹೆಸರುಬೇಳೆಯ ಜೊತೆ ಕರಗಿ ಒಂದಾಗುವ ಅಕ್ಕಿ ಸಿಗುವುದು ಕುಯ್ಲಿನ ಹಿಂದೆಯೇ, ಆರು ತಿಂಗಳು ಕಳೆದರೆ ಅದೇ ಅಕ್ಕಿ ಬಿಡಿಬಿಡಿಯಾಗುತ್ತದೆ.

ಕೊನೆಗೆ ಉಳಿಯುವುದು ಕಬ್ಬು, ಅದರ ಬಗ್ಗೆ ನನ್ನ ಮನಸ್ಸು ಬಹಳ ವರ್ಷ ಕಸಿವಿಸಿಗೊಂಡಿತ್ತು. ಹಬ್ಬಕ್ಕೆ ಕೊಳ್ಳುವ ಕರಿ ಕಬ್ಬು ಕಾರ್ಖಾನೆಗೆ ಹೋಗುವಂಥದ್ದಲ್ಲ. ಮೆತ್ತಗಿನ, ರಸ ತುಂಬಿದ, ಹಲ್ಲಿನಲ್ಲಿ ಸಿಗಿದು ತಿನ್ನುವ ಜಾತಿ. ಹತ್ತು ಹನ್ನೊಂದು ತಿಂಗಳು ನೀರು ಹಾಯಿಸಿ, ಗಾಳಿಗೆ ಬೀಳದಂತೆ ಒಂದಕ್ಕೊಂದು ಕಟ್ಟಿ, ಗರಿ ಸುಲಿದು ಬೆಳೆಸಿದ ಆ ಬೆಳೆಗೆ ಇರುವ ಮಾರುಕಟ್ಟೆ ಹೆಚ್ಚೆಂದರೆ ನಾಲ್ಕೈದು ದಿನದ್ದು. ಬಹಳ ರೈತರು ಆ ಅಂಜಿಕೆಗೇ ನಿಂತ ಬೆಳೆಯನ್ನು ವ್ಯಾಪಾರಿಗೆ ಗುತ್ತಿಗೆ ಕೊಟ್ಟುಬಿಡುತ್ತಾರೆ. ತಾವೇ ಟೆಂಪೊದಲ್ಲಿ ಹಾಕಿಕೊಂಡು ಬಂದವರು ಗಾಂಧಿ ಬಜಾರು, ಮಲ್ಲೇಶ್ವರದಂಥ ಕಡೆ ರಾತ್ರಿಯೆಲ್ಲ ಜಲ್ಲೆಗಳನ್ನು ಕಾಯುತ್ತ ಮಲಗುತ್ತಾರೆ. ಹಬ್ಬದ ಮಧ್ಯಾಹ್ನ ಕಳೆದ ಮೇಲೆ ಬೆಲೆ ಅರ್ಧಕ್ಕೆ ಇಳಿಯುತ್ತದೆ, ಸಂಜೆಗೆ ಕೇಳುವವರಿರುವುದಿಲ್ಲ, ಮರುದಿನ ಬೆಳಗ್ಗೆ ಮಾರಾಟವಾಗದ ಕಬ್ಬು ರಸ್ತೆಯ ಬದಿಯಲ್ಲಿ ಕಸದ ರಾಶಿಯ ಜೊತೆ ಬಿದ್ದಿರುತ್ತದೆ, ದನಗಳು ತಿಂದಷ್ಟು ತಿನ್ನುತ್ತವೆ. ಒಂದು ವರ್ಷದ ನೀರು, ಗೊಬ್ಬರ, ಕೂಲಿ ಅಷ್ಟರಲ್ಲೇ ಮುಗಿದುಹೋಗುತ್ತದೆ. ಜೋಡಿ ಕಬ್ಬಿಗೆ ಹತ್ತು ರೂಪಾಯಿ ಇಳಿಸಿಕೊಂಡೆವೆಂದು ಸಂತೋಷಪಡುವವರು ಮರುದಿನ ಅದೇ ರಸ್ತೆಯಲ್ಲಿ ನಡೆದು ಬರಬೇಕೆಂದು ನಾನು ಬಯಸುತ್ತೇನೆ.

ನಮ್ಮ ಬೀದಿಯ ಕೆಲವು ಮನೆಗಳವರು ಸೇರಿ ಇದಕ್ಕೆ ಒಂದು ಸಣ್ಣ ಏರ್ಪಾಟು ಮಾಡಿಕೊಂಡಿದ್ದೇವೆ. ಕನಕಪುರದ ಕಡೆಯ ಒಬ್ಬ ಬೆಳೆಗಾರರಿಗೆ ಗೌರಿ ಗಣೇಶ ಹಬ್ಬದ ಸುಮಾರಿಗೇ ನಮಗೆ ಎಷ್ಟು ಜಲ್ಲೆ ಬೇಕೆಂದು ಹೇಳಿ, ಬೆಲೆ ಮಾತಾಡಿ, ಅರ್ಧ ಹಣ ಕೊಟ್ಟಿರುತ್ತೇವೆ. ಸಂಕ್ರಾಂತಿಗೆ ಎರಡು ದಿನ ಇರುವಾಗ ಅವರು ಅಷ್ಟನ್ನೇ ಕಡಿದು, ಸೋಗೆಸಮೇತ ತಂದು ಇಳಿಸಿ, ಉಳಿದ ಹಣ ಪಡೆದು ಮಧ್ಯಾಹ್ನದೊಳಗೆ ಊರಿಗೆ ಮರಳುತ್ತಾರೆ. ಪೇಟೆಯ ಬೆಲೆ ಆ ದಿನ ಏರಿದ್ದರೂ ಇಳಿದಿದ್ದರೂ ಮಾತು ಮಾತೇ. ಬುಡದ ಕಡೆಯ ಗಿಣ್ಣುಗಳು ಹೆಚ್ಚು ಸಿಹಿಯಾದ್ದರಿಂದ ಎಳ್ಳು ಬೀರುವ ತಟ್ಟೆಗೆ ಅವನ್ನು ಕತ್ತರಿಸಿಡುತ್ತೇವೆ, ತುದಿಯ ಸಪ್ಪೆ ಭಾಗ ಮತ್ತು ಸೋಗೆ ಹತ್ತಿರದಲ್ಲಿ ಹಸು ಕಟ್ಟಿರುವವರ ಮನೆಗೆ ಹೋಗುತ್ತದೆ. ಹೋದ ಸಲ ಅವರು ಒಂದು ಮೂಟೆ ಗೆಣಸನ್ನೂ ಜೊತೆಗೆ ತಂದಿದ್ದರು, ಟೆಂಪೊ ಹೊರಡುವಷ್ಟರಲ್ಲಿ ಮೂಟೆ ಖಾಲಿಯಾಯಿತು. ಈ ವರ್ಷ ಅವರ ಮನೆಯವರು ಹೊಲದ ಬದುವಿನಲ್ಲಿ ಅವರೆಯನ್ನೂ ಹಾಕಿದ್ದಾರಂತೆ. ಎಷ್ಟು ಕಿಲೋ ಬೇಕೆಂದು ಮನೆಮನೆಗೂ ಕೇಳಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂದಿದೆ, ಪಟ್ಟಿಯಲ್ಲಿ ಮೊದಲ ಹೆಸರು ನಮ್ಮ ಮನೆಯದನ್ನೇ ಬರೆದುಕೊಂಡಿದ್ದೇನೆ.